ಕಡತಾ ಹಿಡಿದ ತೂಕ

ಇನ್ನೂ ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ದಾಟಿಲ್ಲ, ಆಗಲೇ ದಣಿದುಹೋಗಿದ್ದೇನೆ. ಪ್ರವಾಸ ಮಾಡಿ ದಣಿದವರನ್ನು ಬೇಕಾದಷ್ಟು ನೋಡಿದ್ದೇನೆ. ಪ್ರವಾಸದ ತಯಾರಿಯಲ್ಲೇ ಹೀಗೆ ಹೈರಾಣಾದವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಊಟದ ಮೇಜಿನ ಮೇಲೆ ಕೆನಡಾ ದೇಶದ ಉತ್ತರ ಭಾಗದ ನಕ್ಷೆ ಹರಡಿಕೊಂಡು ಬಿದ್ದಿದೆ, ಒಂದು ಮೂಲೆಗೆ ಸಾರಿನ ಕಲೆ. ಅದರ ತುಂಬ ಕೆರೆಗಳು, ಅರ್ಧಕ್ಕರ್ಧ ಹೆಸರೇ ಇಲ್ಲದವು. ನೀರಿನ ಮೇಲೆ ಇಳಿಯುವ ಒಂದು ಪುಟ್ಟ ವಿಮಾನದಲ್ಲಿ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹಾರುತ್ತ, ಉತ್ತರದ ಕಾಡಿನ ಮೇಲೆ ದಿನಗಟ್ಟಲೆ ಹೋಗಬೇಕು ಎಂಬುದು ನನ್ನ ಹಟ. ಯಾರೂ ನನ್ನನ್ನು ಹೋಗು ಅಂದಿರಲಿಲ್ಲ. ತಲೆಬೇನೆ ನಾನೇ ಹುಡುಕಿಕೊಂಡು ತಂದದ್ದು.

ಇಲ್ಲಿನ ಹೈಸ್ಕೂಲೊಂದರಲ್ಲಿ ನಿವೃತ್ತಿಯಾಗುವವರೆಗೆ ಭೂಗೋಳ ಕಲಿಸಿದೆ. ಬೇಸಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಟುಂಡ್ರಾ ಪಾಠ ಬರುತ್ತಿತ್ತು. ಫ್ಯಾನು ತಿರುಗದ ಕೋಣೆಯಲ್ಲಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಟುಂಡ್ರಾ ಅಂದರೆ ಮರಗಳಿಲ್ಲದ ಶೀತ ಬಯಲು, ಅಲ್ಲಿ ನೆಲದಡಿಯ ಮಣ್ಣು ಸದಾ ಹೆಪ್ಪುಗಟ್ಟಿರುತ್ತದೆ ಎಂದು ಹೇಳುತ್ತಿದ್ದೆ. ಪ್ರತಿ ವರ್ಷ ಯಾವುದಾದರೊಂದು ಬೆಂಚಿನಿಂದ ಅದೇ ಪ್ರಶ್ನೆ: "ನೀವು ನೋಡೀರೇನ್ರಿ ಮಿಸ್?" ಪ್ರತಿ ವರ್ಷ ನನ್ನದೂ ಅದೇ ಉತ್ತರ: "ಇಲ್ಲ. ಕೂತ್ಕೋ." ನಿವೃತ್ತಿಯ ದಿನ ಹಾರ ಹಾಕಿ ಗೋಡೆ ಗಡಿಯಾರ ಕೊಟ್ಟರು. ಅದನ್ನು ಮೊಳೆಗೆ ತೂಗುಹಾಕಿ ಕುರ್ಚಿಯಲ್ಲಿ ಕೂತಾಗ ನನಗೆ ಬೇಕಾದದ್ದು ಒಂದೇ ಅನ್ನಿಸಿತು. ಮರಗಳು ಎಲ್ಲಿ ಮುಗಿಯುತ್ತವೋ ಅಲ್ಲಿ ಹೋಗಿ ಒಮ್ಮೆ ನಿಲ್ಲಬೇಕು. ಸಾಯುವ ಮೊದಲು ಯಾವುದಾದರೂ ಹುಡುಗಿ ಕೇಳಿದರೆ ಹೌದು ನೋಡಿದ್ದೇನೆ ಅನ್ನಬೇಕು.

ನಾನು ಮದುವೆಯಾದವಳಲ್ಲ. ತಡೆಯುವವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ಆಕೆ ಹುಮನಾಬಾದಿನಲ್ಲಿ ಅಡತ್ ಅಂಗಡಿ ನಡೆಸುತ್ತಾಳೆ. ರೈತರು ತಂದ ತೊಗರಿ, ಹೆಸರು, ಸೋಯಾ ತೂಗಿಸಿ ವ್ಯಾಪಾರಸ್ಥರಿಗೆ ಮಾರಿಸುವ ಕೆಲಸ. ಭಾವ ತೀರಿಕೊಂಡ ಮೇಲೆ ಗಾದಿಯ ಮೇಲೆ ತಾನೇ ಕೂತಳು, ಇವತ್ತಿಗೂ ಎದ್ದಿಲ್ಲ. ಆಕೆ ನನ್ನನ್ನು ಬೈದು ಸುಮ್ಮನಾಗಿಸುತ್ತಾಳೆ, ನನ್ನ ಹುಚ್ಚೂ ಇಳಿಯುತ್ತದೆ ಎಂಬ ಆಸೆಯಿಂದಲೇ ಹೋಗಿ ಹೇಳಿದೆ. ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಆ ವಿಮಾನದಾಗ ಎಷ್ಟ ಮಂದಿ ಹಿಡಿತಾರ?"

"ವಿಮಾನ ನಡಸೋ ಅಕಿನ್ನ ಬಿಟ್ಟು ಇಬ್ಬರು."

"ಹಂಗಾರ ಒಂದು ಜಾಗ ಖಾಲಿ ಅದ. ನಾನೂ ಬರ್ತೀನಿ."

"ಅಕ್ಕಾ, ಅಲ್ಲಿ ಏನೂ ಇಲ್ಲ. ಊರಿಲ್ಲ, ರಸ್ತಾ ಇಲ್ಲ, ಗುಡಿ ಇಲ್ಲ."

"ಇಲ್ಲಿ ಎಲ್ಲಾ ಅದ. ಏನ್ ಸುಖ ಕಂಡೀನಿ?" ಅಂದಳು. ಆಮೇಲೆ ತುಸು ಸಣ್ಣ ದನಿಯಲ್ಲಿ, "ಈ ಮನಿಗಿ ಬಂದಾಗಿಂದ ಮಂದಿ ಮಾಲು ತೂಗಾಕತ್ತೇನಿ. ಒಮ್ಮೆ ನನ್ನ ಯಾರರ ಹೊತ್ಕೊಂಡು ಹೋಗಲಿ. ಕೆಳಗ ನೋಡ್ಕೋತ ಸುಮ್ಮ ಕುಂದರ್ತೀನಿ. ಅಷ್ಟೇ ಆಸೆ ನಂದು," ಅಂದಳು.

ಸೋಲಾಪುರ, ಶ್ರೀಶೈಲ ಬಿಟ್ಟರೆ ಆಕೆ ಎಲ್ಲಿಗೂ ಹೋದವಳಲ್ಲ. ಆಯಿತು ಅಂದೆ. ಅಲ್ಲಿಗೆ ನನ್ನ ಸಂಕಟ ಎರಡರಷ್ಟಾಯಿತು. ಪಾಸ್‌ಪೋರ್ಟಿಗೆ ಎರಡು ಸಲ, ವೀಸಾಕ್ಕೆ ಬೆರಳೊತ್ತಲು ಹೈದರಾಬಾದಿಗೆ ಎರಡು ಸಲ ಓಡಾಡಿದೆ. ಅಕ್ಕನ ಬೆರಳುಗಳು ಕಾಳು ಮುಟ್ಟಿ ಮುಟ್ಟಿ ಸವೆದು ಯಂತ್ರಕ್ಕೇ ಹಿಡಿಯಲಿಲ್ಲ. ಒರೆಸು, ಒತ್ತು, ಮತ್ತೆ ಒರೆಸು. ಕಡೆಗೆ ಆ ಕೌಂಟರಿನ ಹುಡುಗಿಯೇ ಸೋತು ನಕ್ಕಳು. ನನಗೆ ನಗು ಬರಲಿಲ್ಲ, ಸೊಂಟ ಹಿಡಿದಿತ್ತು.

ವಿಮಾನ ನಡೆಸುವವಳು ಹೆಚ್ಚುಕಡಿಮೆ ನನ್ನ ವಯಸ್ಸಿನ, ನರೆಗೂದಲಿನ ಹೆಂಗಸು. ದೊಡ್ಡ ನದಿಯೊಂದರ ದಂಡೆಯ ಸಣ್ಣ ಊರಿನಲ್ಲಿ ಇರುತ್ತಾಳೆ, ಮಾತು ಕಡಿಮೆ. ನಮಗೆ ಸಂಜೆಯಾದಾಗ ಅವಳಿಗೆ ಬೆಳಿಗ್ಗೆ. ಅಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಲ್ಯಾಪ್‌ಟಾಪು ಇಟ್ಟುಕೊಂಡು ನಾವಿಬ್ಬರೂ ಕೂರುತ್ತಿದ್ದೆವು. ಅವಳು ಕಾಫಿ ಕುಡಿಯುತ್ತ ತನ್ನ ಕಾನೂನು ಹೇಳುತ್ತಿದ್ದಳು. ಗಟ್ಟಿ ಸೂಟ್‌ಕೇಸು ಬೇಡ, ವಿಮಾನದ ಬಾಲದೊಳಗಿನ ಸಂದಿಗೊಂದಿಯಲ್ಲಿ ತುರುಕಲು ಬರುವಂತೆ ಸಣ್ಣ ಸಣ್ಣ ಮೆತ್ತನೆ ಚೀಲ ಮಾಡಿ. ಕಾಲಿಗೆ ಬೂಟು ಬೇಕೇ ಬೇಕು. ಹವೆ ಕೆಟ್ಟರೆ ಯಾವುದೋ ಕೆರೆಯ ದಂಡೆಯಲ್ಲಿ ದಿನಗಟ್ಟಲೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯ ತೂಕ. ಉಟ್ಟ ಬಟ್ಟೆ, ತೊಟ್ಟ ಬೂಟಿನ ಸಮೇತ ನಿಮ್ಮಿಬ್ಬರ ಖರೆ ತೂಕ, ಒಂದೊಂದು ಚೀಲದ ಖರೆ ತೂಕ, ಎಲ್ಲವೂ ಈ ಚಳಿಗಾಲದಲ್ಲೇ ತನಗೆ ಬೇಕು ಅಂದಳು. ಕೆರೆಗಳು ಹೆಪ್ಪುಗಟ್ಟಿರುವಾಗಲೇ ದಾರಿಯ ನಿಲ್ದಾಣಗಳಲ್ಲಿ ಇಂಧನದ ಪೀಪಾಯಿ ಇಟ್ಟು ಬರಬೇಕು, ಹಾಗಾಗಿ ದಾರಿ ಈಗಲೇ ನಿಶ್ಚಯವಾಗಬೇಕು.

ಅಕ್ಕ ನನ್ನ ತೋಳು ತಿವಿದಳು. "ಊಟಕ್ಕ ಏನ್ ತಿಂತಾಳ ಕೇಳು."

ಕೇಳಿದೆ. ಮೀನು, ಒಣಗಿಸಿದ ಮಾಂಸ ಅಂದಳು.

"ಅಯ್ಯ ಶಿವನ!" ಅಕ್ಕ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡಳು. "ಬುತ್ತಿ ನಮ್ದೇ ಅಂತ ಹೇಳು ಅಕಿಗಿ."

ಬುತ್ತಿ ಅಂದರೆ ನಮ್ಮ ಕಡೆ ಮನೆಯವರಷ್ಟೇ ಕಟ್ಟುವುದಲ್ಲ. ದೂರ ಹೋಗುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದವರೆಲ್ಲ ಕಟ್ಟುತ್ತಾರೆ, ಬೇಡ ಅಂದರೆ ಮುಖ ಕೆಡಿಸಿಕೊಳ್ಳುತ್ತಾರೆ. ತೂಕಕ್ಕೆ ಪೂರಾ ಸಾಮಾನು ಬೇಕು, ಕೊಡುವುದನ್ನು ಈಗೊಮ್ಮೆ ತಂದು ತೋರಿಸಿ ಎಂದು ಅಕ್ಕ ಬಂಧುಬಳಗಕ್ಕೆ ಫೋನ್ ಮಾಡಿದಳು. ಮುಗಿಯಿತು. ರಾಜೇಶ್ವರದಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಘಾಟಬೋರಾಳದಿಂದ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಡಬ್ಬಿಗಟ್ಟಲೆ ಉಂಡಿ. ಹೋಗುವುದು ಇನ್ನೂ ಮಳೆಗಾಲದಾಗ್ರಿ ಅಂದರೆ, "ಖಡಕ್ ರೊಟ್ಟಿ ಕೆಡತಾವೇನ್ರಿ? ಇಟ್ಕೋರಿ" ಅನ್ನುತ್ತಿದ್ದರು. ಒಬ್ಬೊಬ್ಬರಿಗೂ ಚಹಾ ಮಾಡಿ, ಒಬ್ಬೊಬ್ಬರಿಗೂ ಟುಂಡ್ರಾ ಅಂದರೇನು ಎಂದು ಹೇಳಿ ನನ್ನ ಬಾಯಿ ಒಣಗಿತು. ಶಾಲೆಯಲ್ಲಿ ವರ್ಷಕ್ಕೊಮ್ಮೆ ಹೇಳುತ್ತಿದ್ದ ಪಾಠವನ್ನು ಈಗ ದಿನಕ್ಕೆ ಮೂರು ಸಲ ಹೇಳುವಂತಾಯಿತು.

ಮಾರುಕಟ್ಟೆಗೆ ರಜೆ ಇದ್ದ ದಿನ ಅಂಗಡಿಯ ಕಾಟಾದ ಮೇಲೆ ಎಲ್ಲವನ್ನೂ ತೂಗಿದೆವು. ಕಾಟಾ ಅಂದರೆ ಚೀಲಗಳನ್ನಿಡುವ ಕಬ್ಬಿಣದ ಹಲಗೆ, ಅಂಕೆ ಮೂಡುವ ಪೆಟ್ಟಿಗೆ ಗಾದಿಯ ಕಡೆಗೆ ಮುಖ ಮಾಡಿರುತ್ತದೆ. ಅಕ್ಕ ಗಾದಿಯ ಮೇಲೆ ಕೂತು ಅಂಕೆ ಕೂಗಿದಳು, ನಾನು ಚೀಲ ಎತ್ತಿಟ್ಟು, ಇಳಿಸಿ, ಕೇಳಿದ್ದನ್ನು ಫೋನಿನಲ್ಲಿ ಒತ್ತಿಕೊಂಡೆ. ಮಲಗುವ ಚೀಲ, ಉಣ್ಣೆ ಬಟ್ಟೆ, ಸೊಳ್ಳೆ ಪರದೆ, ಔಷಧಿ, ಬುತ್ತಿಯ ಗಂಟುಗಳು, ಎಲ್ಲ ಸಣ್ಣ ಸಣ್ಣ ಚೀಲಗಳು. ಆಮೇಲೆ ನಾನು ಹತ್ತಿ ನಿಂತೆ. ಕಡೆಗೆ ಅಕ್ಕ. ಇಳಕಲ್ ಸೀರೆಯ ಕೆಳಗೆ ಹೊಸ ಬೂಟು ಹಾಕಿಕೊಂಡು, ಬೀಳುವವಳಂತೆ ಕೈ ಅಗಲಿಸಿ ಹತ್ತಿದಳು. ಜೀವಮಾನದಲ್ಲಿ ಆಕೆ ಕೊಂಡ ಮೊದಲ ಬೂಟು ಅದು. ಕತ್ತು ತಿರುಗಿಸಿ ತನ್ನ ಅಂಕೆಯನ್ನು ತಾನೇ ಕೂಗಿದಳು. "ಅಷ್ಟೇನಾ?" ಅಂದೆ. "ಮತ್ತ? ಕುಂಬಳಕಾಯಿ ಅಂದ್ಕೊಂಡಿ ಏನು ನನ್ನ?" ಅಂದು ನಕ್ಕಳು. ಆ ಅಂಕೆಗಳನ್ನೇ ಕಳಿಸಿದೆ.

ಮರುದಿನ ಆ ಕಡೆಯಿಂದ ಉತ್ತರ ಬಂತು. ನೀವು ನಾನು ಎಣಿಸಿದ್ದಕ್ಕಿಂತ ಹಗುರ ಇದ್ದೀರಿ, ಟ್ಯಾಂಕು ಪೂರಾ ತುಂಬಬಹುದು, ಕೊನೆಯ ಕೆರೆಯವರೆಗೂ ಹೋಗೋಣ. ಜೊತೆಗೆ ನಕ್ಷೆ. ಅದರ ಮೇಲಿನ ಕೆಂಪು ಗೆರೆ ಹಸಿರು ಮುಗಿಯುವ ಅಂಚು ದಾಟಿ ಬಯಲಿನ ನಡುವಿನ ಒಂದು ಕೆರೆಯಲ್ಲಿ ನಿಂತಿತ್ತು. ಅಲ್ಲಿ ಕ್ಯಾರಿಬೂ ಜಿಂಕೆಗಳು ಮರಿ ಹಾಕುತ್ತವಂತೆ, ಅದಕ್ಕೇ ಪೀಪಾಯಿ ಇಡಲು ಪರವಾನಗಿ ಇಲ್ಲ. ಹೋಗಿ ಬರುವಷ್ಟೂ ಇಂಧನ ವಿಮಾನದಲ್ಲೇ ಇರಬೇಕು. ನನಗೆ ಅಳುವೇ ಬಂತು. ಅಕ್ಕನಿಗೆ ಫೋನ್ ಮಾಡಿದರೆ, "ಅಳಾಕ ಏನಾಗ್ಯಾದ? ಇನ್ನಾ ಹೋಗೇ ಇಲ್ಲ," ಅಂದಳು.

ಆಮೇಲೆ ಕೆಲವು ವಾರಕ್ಕೆ, ಯಾವುದೋ ಕಾಗದಕ್ಕೆ ಆಕೆಯ ಸಹಿ ಬೇಕೆಂದು ಹುಮನಾಬಾದಿಗೆ ಹೋದೆ. ತೊಗರಿಯ ಸುಗ್ಗಿ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ರೈತ ಗಾದಿಯ ಕಡೆಗೇ ಬಂದು ನಿಂತು ಕಾಟಾದ ಅಂಕೆ ನೋಡುತ್ತಿದ್ದ.

"ಬಾಯಾರ, ಕಾಟಾ ಒಂದು ಹೇಳಾಕತ್ತದ, ನೀವೊಂದು ಹೇಳಾಕತ್ತೀರಿ."

"ಎರಡ ಕಿಲೋ ಕಡತಾ ಹೋಗಬೇಕಲ್ಲೋ ತಮ್ಮಾ. ಚೀಲದ ತೂಕ, ಮಣ್ಣು, ಕಸ. ಹೊಸಬನೇನು ನೀ?"

"ಹೌದ್ರಿ, ಗೊತ್ತದ. ಸುಮ್ಮ ಕೇಳಿದೆ," ಎಂದು ಅವನು ನಕ್ಕ.

ಅಕ್ಕನ ಹತ್ತಿರ ಹೋಗಿ ನಿಂತೆ.

"ಅಕ್ಕಾ, ಅವತ್ತು ನಮ್ಮ ಸಾಮಾನು ತೂಗಿದಾಗ ಕಡತಾ ಹಿಡದಿ ಏನು?"

ತೊಗರಿಯೊಳಗೆ ಆಡುತ್ತಿದ್ದ ಆಕೆಯ ಕೈ ನಿಂತಿತು. "ಹಿಡದಿರಬೇಕು. ಕಾಟಾದ ಮ್ಯಾಲ ಏನ ಬಂದ್ರೂ ನನ್ನ ಬಾಯಿಗಿ ಎರಡು ಕಳದೇ ಬರತದ. ಬ್ಯಾರೆ ಹ್ಯಾಂಗ ಬರಬೇಕು?"

"ಅಷ್ಟಷ್ಟ ಸಣ್ಣ ಚೀಲಕ್ಕೂ?"

"ಚೀಲ ಅಂದ್ರ ಚೀಲ ಅಲ್ಲೇನು?"

"ನನಗೂ? ನಿನಗೂ?"

"ನಮಗೂ. ಸೀರಿ ತೂಕ ಕಳೀಬೇಕಲ್ಲ?"

ರೈತರು, ಹಮಾಲರು ಎಲ್ಲ ಇದ್ದಾರೆ ಎಂಬ ಖಬರೂ ಇಲ್ಲದೆ ಕಿರುಚಿಬಿಟ್ಟೆ. "ಅದೇನು ತೊಗರಿ ಅಲ್ಲ ಅಕ್ಕಾ, ವಿಮಾನ! ಭಾರ ಹೆಚ್ಚಾಗಿ ನೀರಿನಿಂದ ಏಳಲಿಲ್ಲ ಅಂದ್ರ ಎದುರಿನ ದಂಡಿಗಿ ಹೋಗಿ ಬಡೀತದ. ಮೂರೂ ಮಂದಿ ಅಲ್ಲೇ ಖಲಾಸ್!" ಹಮಾಲರು ತಿರುಗಿ ನೋಡಿದರು. ಅಕ್ಕ ಕೈಯಲ್ಲಿದ್ದ ತೊಗರಿಯನ್ನು ಮೆಲ್ಲಗೆ ಚೀಲಕ್ಕೆ ಸುರಿದಳು.

ಮತ್ತೆ ತೂಗುವ ಗರಜೇ ಇರಲಿಲ್ಲ. ಪ್ರತಿ ಅಂಕೆಗೆ ಎರಡು ಸೇರಿಸಿದರಾಯಿತು. ಆ ಹೆಂಗಸಿನ ಮಾತು ಕೇಳಿ ಸಣ್ಣ ಸಣ್ಣ ಚೀಲ ಮಾಡಿದ್ದೇ ನಮಗೆ ಮುಳುವಾಗಿತ್ತು. ಎಷ್ಟು ಚೀಲವೋ ಅಷ್ಟು ಕಡತಾ. ಎಲ್ಲ ಕೂಡಿಸಿದರೆ ಅರ್ಧ ಚೀಲ ತೊಗರಿಯಷ್ಟು ತೂಕ ಗಾಳಿಗೆ ಹೋಗಿತ್ತು. ಸಂಜೆ ಆ ಕಡೆಗೆ ಕರೆ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅಡತ್ ಅಂಗಡಿಯ ಕಡತಾವನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನ್ನ ಜೀವ ಹೋಯಿತು. ಅವಳು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡಳು. ಬುತ್ತಿ ಪೂರಾ ಬಿಡಿ, ನಿಮ್ಮ ಬಟ್ಟೆ ಅರ್ಧ ಬಿಡಿ, ಆದರೂ ಸಾಲದು ಅಂದಳು. ಕೊನೆಯ ಕೆರೆ ಚಿಕ್ಕದು, ಭಾರ ಹೊತ್ತು ಅಲ್ಲಿಂದ ಏಳಲಾಗದು. ಇರುವುದು ಎರಡೇ ದಾರಿ. ಒಂದೋ ಕೊನೆಯ ಕೆರೆ ಬಿಡಬೇಕು, ಅಂದರೆ ಇಬ್ಬರೂ ಮರಗಳಿರುವವರೆಗೆ ಹೋಗಿ ತಿರುಗಿ ಬರುವುದು. ಇಲ್ಲವೇ ಇಬ್ಬರಲ್ಲಿ ಒಬ್ಬರು ನದಿ ದಂಡೆಯ ಆ ಊರಿನಲ್ಲೇ ಉಳಿಯಬೇಕು. ಹಾರಾಟ ಅಲ್ಲಿಂದ ಹೊರಟು ಅಲ್ಲಿಗೇ ಮುಗಿಯುವುದರಿಂದ ಉಳಿದವರಿಗೆ ವಿಮಾನವೇ ಇಲ್ಲ. ಪೀಪಾಯಿ ಒಯ್ಯುವ ಸಮಯ ಬಂದಿದೆ, ವಾರದೊಳಗೆ ಹೇಳಿ ಅಂದಳು.

ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಆಕೆ ಒಂದು ಕ್ಷಣವೂ ತಡೆಯಲಿಲ್ಲ. "ತಪ್ಪು ನಂದು. ನಾ ಆ ಊರಾಗ ಇರ್ತೀನಿ ಬಿಡು. ನೀ ನೋಡ್ಕೊಂಡು ಬಾ."

ನನಗೆ ಆ ಕ್ಷಣ ಖುಷಿಯಾಯಿತು. ಮುಚ್ಚಿಡುವುದಿಲ್ಲ, ಖರೇನೇ ಖುಷಿಯಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಒಳಗೊಳಗೇ ವಾದ ಮಾಡಿದೆ. ಕೆಡಿಸಿದವಳು ಆಕೆ, ಬಿಡಬೇಕಾದವಳೂ ಆಕೆಯೇ. ಟುಂಡ್ರಾ ಅಂದರೆ ಆಕೆಗೆ ಏನು ಗೊತ್ತು? ಒಮ್ಮೆ ಇದೇ ದಾರಿಯಲ್ಲಿ, ರಾಜೇಶ್ವರ ದಾಟಿದ ಮೇಲೆ ತೊಗರಿ ಕೊಯ್ದು ಬೋಳಾಗಿದ್ದ ಹೊಲ ತೋರಿಸಿ, "ಗಿಡ ಇಲ್ಲದ ಬಯಲು ನೋಡಾಕ ಅಷ್ಟು ದೂರ ಯಾಕ? ನೋಡು ಇಲ್ಲೇ ಅದ," ಅಂದಿದ್ದಳು. ಅದು ಬೇರೆ, ಇದು ಬೇರೆ ಎಂದು ನಾನು ಸಿಟ್ಟಿಗೆದ್ದಿದ್ದೆ. ಈಗಲೂ ಸಿಟ್ಟು ಬಂತು. ಬೇರೆಯೇ ಅದು. ನೋಡಿಯೇ ತೀರುತ್ತೇನೆ ಅಂದುಕೊಂಡೆ.

ಆದರೆ ಮನೆಗೆ ಬಂದು ಉತ್ತರ ಬರೆಯಲು ಕೂತರೆ ಕೈ ಏಳಲಿಲ್ಲ. ನಾಳೆ ಬರೆದರಾಯಿತು ಅಂದುಕೊಂಡೆ. ಮರುದಿನವೂ ಅದೇ. ಅಡಿಗೆ ಮಾಡಲು ಬೇಜಾರು, ಸ್ನಾನಕ್ಕೆ ಬೇಜಾರು. ಡಬ್ಬಿಯಲ್ಲಿ ಉಳಿದಿದ್ದ ಬುತ್ತಿಯ ರೊಟ್ಟಿಯನ್ನೇ ಮೊಸರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದೆ. ಹಾಗೇ ತಿನ್ನುತ್ತಿರುವಾಗ ಅಕ್ಕನ ಫೋನ್ ಬಂತು. ಅದೂ ಇದೂ ಮಾತಾಡಿದಳು, ತೊಗರಿಯ ದರ, ಮೊಣಕಾಲ ಎಣ್ಣೆ. ಆಮೇಲೆ, ಮರೆತಿದ್ದೇನೋ ನೆನಪಾದವಳಂತೆ ಹೇಳಿದಳು.

"ಮತ್ತ ಆ ಬೂಟು ವಾಪಸ್ ತಗೋತಾನಂತ ಅಂಗಡ್ಯಾಂವ. ಬೀದಿಯೊಳಗ ಒಮ್ಮೆನೂ ಹಾಕಿಲ್ಲ ನಾ. ಮನಿಯೊಳಗಷ್ಟೇ ಹಾಕ್ಕೊಂಡು ತಿರುಗ್ಯಾಡಿ ರೂಢಿ ಮಾಡ್ಕೊಳ್ಳಾಕತ್ತಿದ್ದೆ. ಊರಾಗ ಕುಂದರಾಕ ಚಪ್ಪಲಿ ಸಾಕಲ್ಲ?"

ರೊಟ್ಟಿಯ ತಾಟು ಬದಿಗೆ ಸರಿಸಿದೆ. ಅಡಿಗೆಮನೆಗೂ ಪಡಸಾಲೆಗೂ ನಡುವೆ ಒಬ್ಬಳೇ, ಸೀರೆ ಎತ್ತಿಕೊಂಡು, ಬೂಟು ಹಾಕಿಕೊಂಡು ಓಡಾಡುವ ಅಕ್ಕ ಕಣ್ಣಿಗೆ ಕಟ್ಟಿದಳು.

"ವಾಪಸ್ ಕೊಡಬ್ಯಾಡ," ಅಂದೆ.

"ಯಾಕ?"

"ಕೊಡಬ್ಯಾಡ ಅಂದೆ ಅಂದ್ರ ಕೊಡಬ್ಯಾಡ. ಫೋನ್ ಇಡು."

ಅವತ್ತೇ ಬರೆದು ಕಳಿಸಿದೆ. ಇಬ್ಬರೂ ಬರುತ್ತೇವೆ, ಮರಗಳಿರುವ ಕೊನೆಯ ಕೆರೆಗೆ ನಿಲ್ಲಿಸಿ ಸಾಕು. ಕಳಿಸಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ತ್ಯಾಗ ಮಾಡಿದ ಸಮಾಧಾನ ಗಿಮಾಧಾನ ಏನೂ ಇರಲಿಲ್ಲ. ಇಷ್ಟು ವರ್ಷದ ಆಸೆ ಎರಡು ಕಿಲೋ ಎರಡು ಕಿಲೋ ಅಂತ ಸೋರಿಹೋಯಿತಲ್ಲ ಎಂಬ ಹೊಟ್ಟೆಯುರಿ. ಅಕ್ಕನ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಆ ಕಾಟಾದ ಮೇಲೂ ಸಿಟ್ಟು.

ಆಕೆಗೆ ಮಾತ್ರ ಏನೂ ಹೇಳಲಿಲ್ಲ. ಸರಿಹೋಯಿತು, ನೀನೂ ಹಾರುತ್ತೀ ಅಂದೆ ಅಷ್ಟೇ. ಮುಂದಿನ ಕರೆಯಲ್ಲಿ ಆ ಹೆಂಗಸು ಹೊಸ ನಕ್ಷೆ ತೆರೆದಳು. ಅಕ್ಕ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದಳು.

"ಗೆರಿ ಯಾಕ ಸಣ್ಣದಾಗ್ಯಾದ?"

"ಆ ಕಡೆ ಹವಾ ಬರೋಬ್ಬರಿ ಇರಲ್ಲಂತ."

ಅಕ್ಕ ನನ್ನ ಕಡೆಗೆ ತಿರುಗಿ ಪೂರಾ ಮುಖ ನೋಡಿದಳು. ರೈತರು ಹಸಿ ಮಾಲು ತಂದು ಒಣಗಿದ್ದು ಅಂದಾಗ ಹೀಗೇ ನೋಡುತ್ತಾಳೆ.

"ನಿನ್ನ ಪಾಲಿನಾಗ ಎಷ್ಟು ಕಡತಾ ಹಿಡದಿ?" ಅಂದಳು.

ನಾನು ಲ್ಯಾಪ್‌ಟಾಪಿನ ಕಡೆಗೆ ತಿರುಗಿದೆ. ಪರದೆಯೊಳಗಿನ ಹೆಂಗಸು ಕಾಫಿ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡುತ್ತ ಕಾದಳು. ಅಕ್ಕ ಮೂಗು ಒರೆಸಿಕೊಂಡು, ವ್ಯಾಪಾರಕ್ಕೆ ಕೂತವಳಂತೆ ಮುಂದೆ ಸರಿದಳು.

"ಅಕಿಗಿ ಕೇಳು, ಈ ಕಡೀ ಕೆರಿ ಬಾಜೂಕ ಏನರ ಗುಡ್ಡ ಅದ ಏನು?"

ಕೇಳಿದೆ. ಇದೆ, ಅಲ್ಲಿನ ಗುಡಿಸಲ ಹಿಂದೆ ಬೋಳು ನೆತ್ತಿಯ ಗುಡ್ಡ. ಏರುವುದು ಕಷ್ಟ, ಅರ್ಧ ದಿನ ಹಿಡಿಯುತ್ತದೆ. ಆಕಾಶ ತಿಳಿಯಾಗಿದ್ದರೆ ಮೇಲಿಂದ ಮರಗಳು ಮುಗಿಯುವುದು ದೂರದಲ್ಲಿ ಕಾಣುತ್ತದೆ ಅಂದಳು.

"ಆತಲ್ಲ! ನೀ ಏರು. ನನ್ನ ಮೊಣಕಾಲಿಗಿ ಆಗಂಗಿಲ್ಲ, ನಾ ಬುಡಕ ಕುಂದರ್ತೀನಿ. ಮ್ಯಾಲಿಂದ ಏನ್ ಕಾಣತದ ಕೂಗಿ ಹೇಳು."

"ಅರ್ಧ ದಿನದ ಗುಡ್ಡ ಅಕ್ಕಾ. ನನ್ನ ಕೈಲೆ ಆಗಂಗಿಲ್ಲ. ಭಾಳ ದಣದೀನಿ."

"ಕೂತ ಕೂತ ದಣದೀದಿ. ನಾಳಿಂದ ಕಿಲ್ಲಾ ಏರು. ನಾ ಫೋನ್ ಮಾಡಿ ಕೇಳ್ತೀನಿ, ತಪ್ಪಿಸಿಕೊಳ್ಳಬ್ಯಾಡ."

ಹೀಗೆ ಈಗ ದಿನಾ ಬೆಳಿಗ್ಗೆ ನಮ್ಮೂರ ಕೋಟೆ ಹತ್ತುತ್ತಿದ್ದೇನೆ. ಕೋಟೆ ಬಾಗಿಲಲ್ಲಿ ಕೂತ ಮುದುಕರಿಂದ ಹಿಡಿದು ಎಲ್ಲರೂ ಯಾಕ್ರಿ ಮೇಡಂ, ಏನಾತ್ರಿ ಅನ್ನುತ್ತಾರೆ. ಮೆಟ್ಟಿಲುಗಳು ಎತ್ತರ, ಅರ್ಧ ದಾರಿಗೆ ಈ ಹುಚ್ಚಾಟವೆಲ್ಲ ಹಾಳಾಗಿ ಹೋಗಲಿ ಅನ್ನಿಸುತ್ತದೆ. ಇವತ್ತು ಮೇಲೆ ಮುಟ್ಟಿ ಬುರುಜಿನ ಕಲ್ಲಿಗೆ ಒರಗಿ ಏದುಸಿರು ಬಿಡುತ್ತಿರುವಾಗ ಫೋನ್ ಬಂತು. ಹಿಂದೆ ಹಮಾಲರ ಗಲಾಟೆ, ಚೀಲ ಎಸೆಯುವ ಸದ್ದು.

"ಮ್ಯಾಲ ಬಂದಿ?"

"ಬಂದೆ."

"ಏನ್ ಕಾಣತದ?"

ನೋಡಿದೆ. ಕೆಳಗೆ ಊರಿನ ಮಾಳಿಗೆಗಳು. ಅವುಗಳ ನಡುವೆ ಬೇವು, ಹುಣಸೆ. ಆಚೆ ಕಪ್ಪು ಹೊಲಗಳು, ನಾರಾಯಣಪುರದ ಕಡೆ ಬದುವಿನ ಮೇಲೆ ಸಾಲಾಗಿ ಜಾಲಿ.

"ಗಿಡ ಕಾಣತಾವ ಅಕ್ಕಾ."

"ಹಂಗಾರ ಇನ್ನಾ ದೂರ ಅದ," ಅಂದಳು ಅಕ್ಕ. "ನಾಳೆ ಮತ್ತ ಏರು."